ಆಪ್ತಸಮಾಲೋಚಕರಾಗಲು ಬೇಕಾದ ಶಿಕ್ಷಣ ಮತ್ತು ಮನ್ನಣೆ

ವೈದ್ಯನಾಗಬಯಸುವವನು ಯಾವ ಪರೀಕ್ಷೆಗೆ ಕೂಡಬೇಕು, ವಕೀಲನಾಗಬಯಸುವವನು ಎಲ್ಲಿ ಸನದು ಪಡೆಯಬೇಕು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೆ ಮನಸ್ಸಿನ ನೋವನ್ನು ಆಲಿಸಿ, ನೊಂದವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ನೆರವಾಗುವ ಆಪ್ತಸಮಾಲೋಚಕರಾಗಲು ಏನು ಓದಬೇಕು, ಯಾರ ಮನ್ನಣೆ ಬೇಕು ಎಂದು ಕೇಳಿದರೆ ಪದವೀಧರರೂ ತಡವರಿಸುತ್ತಾರೆ. ಬಿ.ಎ. ಅಂತಿಮ ವರ್ಷದಲ್ಲಿರುವ ನಾನು ಈ ವೃತ್ತಿಯನ್ನು ಹಿಡಿಯಬೇಕೆಂಬ ಆಸೆಯಿಂದ ಒಂದು ವರ್ಷದಿಂದ ವಿಚಾರಿಸುತ್ತ ಬಂದಿದ್ದೇನೆ. ತಿಳಿದುಬಂದ ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮೂರು ವೃತ್ತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಮನೋವೈದ್ಯರು ವೈದ್ಯಕೀಯ ಪದವಿ ಪಡೆದು, ಅನಂತರ ಮನೋರೋಗಶಾಸ್ತ್ರದಲ್ಲಿ ವಿಶೇಷ ವ್ಯಾಸಂಗ ಮಾಡಿದವರು. ಔಷಧ ಬರೆಯುವ ಅಧಿಕಾರ ಅವರದು. ಚಿಕಿತ್ಸಾ ಮನಃಶಾಸ್ತ್ರಜ್ಞರು ಔಷಧ ಕೊಡುವುದಿಲ್ಲ. ಮಾನಸಿಕ ಪರೀಕ್ಷೆಗಳಿಂದ ತೊಂದರೆಯನ್ನು ಅಳೆದು, ಮಾತಿನ ಮೂಲಕ ಚಿಕಿತ್ಸೆ ನಡೆಸುತ್ತಾರೆ. ಮೂರನೆಯವರು ಆಪ್ತಸಮಾಲೋಚಕರು. ಪರೀಕ್ಷೆಯ ಭಯ, ಮನೆಯ ಜಗಳ, ಸಾವಿನ ದುಃಖ, ಕುಡಿತ, ಉದ್ಯೋಗದ ಚಿಂತೆ ಮೊದಲಾದವುಗಳಲ್ಲಿ ಸಿಕ್ಕಿಕೊಂಡವರಿಗೆ ನೆರವಾಗುವುದು ಅವರ ಕೆಲಸ. ನಮ್ಮ ಕಡೆ ಇದನ್ನು ‘ಬುದ್ಧಿ ಹೇಳುವುದು’ ಎಂದು ತಿಳಿಯುತ್ತಾರೆ. ಬುದ್ಧಿ ಹೇಳುವವರಿಗೆ ನಮ್ಮ ಊರುಗಳಲ್ಲಿ ಎಂದೂ ಕೊರತೆಯಿಲ್ಲ, ಕೊರತೆಯಿರುವುದು ಕೇಳುವವರಿಗೆ.

ಈ ಕೊರತೆ ಸಣ್ಣದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿ ಯಾವುದಾದರೊಂದು ಮಾನಸಿಕ ತೊಂದರೆಗೆ ಒಳಗಾಗಿದ್ದರು. ಬೇರೆ ಬೇರೆ ತೊಂದರೆಗಳಲ್ಲಿ ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕಷ್ಟ ಬಂದಾಗ ಶರಣಬಸವೇಶ್ವರರ ಗುಡಿಗೋ ಬಂದೇ ನವಾಜರ ದರ್ಗಾಕ್ಕೋ ಹೋಗಿ ಮನಸ್ಸು ಹಗುರ ಮಾಡಿಕೊಳ್ಳುವ ನಮ್ಮ ಜನರ ನಂಬಿಕೆ ದೊಡ್ಡದು. ಆ ನಂಬಿಕೆಯ ಜೊತೆಗೆ, ಹತ್ತಿರದಲ್ಲೇ ತರಬೇತಿ ಪಡೆದ ಒಬ್ಬರು ದೊರೆಯುವಂತಾಗಬೇಕು.

ಈ ವಿದ್ಯೆಗೆ ಕನ್ನಡ ನಾಡು ಹೊಸದಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದು ನಮ್ಮ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತೆಂಬುದು ಕಲ್ಯಾಣ ಕರ್ನಾಟಕದವರು ನೆನೆಯಬೇಕಾದ ಸಂಗತಿ.

ಇನ್ನು ಕಾನೂನಿನ ಮಾತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ಚಿಕಿತ್ಸಾ ಮನಃಶಾಸ್ತ್ರಜ್ಞರು ಪರಿಷತ್ತಿನ ಕೇಂದ್ರ ದಾಖಲೆಯಲ್ಲಿ ಹೆಸರು ನೋಂದಾಯಿಸಬೇಕು. ಹಾಗಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಇದಕ್ಕೆ ಬಹುಕಾಲ ನಡೆದುಬಂದ ಮಾರ್ಗವೆಂದರೆ ಮನಃಶಾಸ್ತ್ರದಲ್ಲಿ ಎಂ.ಎ., ಅನಂತರ ಪರಿಷತ್ತು ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷದ ಎಂ.ಫಿಲ್. ನಿಮ್ಹಾನ್ಸ್ ಬಿಟ್ಟರೆ ನಮಗೆ ಸಮೀಪವಾದದ್ದು ಧಾರವಾಡದ ಡಿಮ್ಹಾನ್ಸ್. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟುದರಿಂದ ಈ ಮಾರ್ಗ ಬದಲಾಗುತ್ತಲಿದೆ. ಸೇರುವವರು ಆ ವರ್ಷದಲ್ಲಿ ಪರಿಷತ್ತು ಯಾವ ಪದವಿಯನ್ನು ಒಪ್ಪುತ್ತದೆಂಬುದನ್ನು ನೋಡಿಕೊಂಡೇ ಸೇರಬೇಕು.

ಆಪ್ತಸಮಾಲೋಚಕರ ಮಟ್ಟಿಗೆ ಇಂಥ ಒಂದೇ ಸನದು ಬಹುಕಾಲ ಇರಲಿಲ್ಲ. ಯಾರು ಬೇಕಾದರೂ ಫಲಕ ತೂಗುಹಾಕಬಹುದಾಗಿತ್ತು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯಿದೆ ಈ ಸ್ಥಿತಿಯನ್ನು ತಿದ್ದಲು ಹೊರಟಿದೆ. ಅದರ ಪಟ್ಟಿಯಲ್ಲಿ ಮನಃಶಾಸ್ತ್ರಜ್ಞರು, ಆರೋಗ್ಯ ಸಮಾಲೋಚಕರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮೊದಲಾದವರು ಸೇರಿದ್ದಾರೆ. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ಹೆಸರು ದಾಖಲಿಸುವ ವಹಿ ಎಂಬುದು ಅದರ ಏರ್ಪಾಡು.

ಅನ್ಯದೇಶದೊಡನೆ ಹೋಲಿಸಿದರೆ ಭೇದ ತಿಳಿಯುತ್ತದೆ. ಅಮೇರಿಕದಲ್ಲಿ ವರ್ಜೀನಿಯಾ ಸಂಸ್ಥಾನ 1976ರಲ್ಲಿ ಮೊದಲು ಸಮಾಲೋಚಕರಿಗೆ ಪರವಾನಗಿ ನೀಡುವ ಕಾನೂನು ಮಾಡಿತು. ಕೊನೆಯದಾಗಿ ಕ್ಯಾಲಿಫೋರ್ನಿಯಾ 2009ರಲ್ಲಿ ಮಾಡಿತು. ಅಲ್ಲಿ ಸ್ನಾತಕೋತ್ತರ ಪದವಿಯಾದ ಮೇಲೆ ಸಾವಿರಾರು ಗಂಟೆಗಳ ಕಾಲ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ, ಪರೀಕ್ಷೆಯಲ್ಲಿ ಉತ್ತೀರ್ಣರಾದ ಬಳಿಕವೇ ಪರವಾನಗಿ. ಮೊದಲ ಸಂಸ್ಥಾನದಿಂದ ಕೊನೆಯದಕ್ಕೆ ಬರಲು ಅವರಿಗೂ 33 ವರ್ಷ ಹಿಡಿಯಿತೆಂಬುದನ್ನು ನೆನೆದರೆ ನಾವು ನಿರಾಶರಾಗಬೇಕಿಲ್ಲ.

ಓದಿಕೊಂಡವರು ಸಹಾನುಭೂತಿಯಿಂದ ನಾಲ್ಕು ಮಾತಾಡಿದರೆ ಸಾಲದೇ, ಇಷ್ಟೆಲ್ಲ ತರಬೇತಿ ಏಕೆ ಎಂದು ಕೆಲವರು ಕೇಳಬಹುದು. ಕಮಲಾಪುರದಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಪಿ.ಯು.ಸಿ.ಯಲ್ಲಿ ನಪಾಸಾಗಿ ತಿಂಗಳುಗಟ್ಟಲೆ ಯಾರೊಡನೆಯೂ ಮಾತಾಡದಾದ. ಅವನ ತಂದೆ ಸಾಲ ಮಾಡಿ ‘ಕೌನ್ಸೆಲರ್’ ಎಂಬ ಫಲಕವಿದ್ದ ಒಬ್ಬರಲ್ಲಿಗೆ ಅವನನ್ನು ಕರೆದೊಯ್ದರು. ಆತ ಅರ್ಧ ಗಂಟೆ ಶ್ರಮದ ಮಹಿಮೆಯನ್ನು ಉಪದೇಶಿಸಿದರು. ಹುಡುಗ ಹೇಗೋ ಬಾಯಿಬಿಟ್ಟು ಹೇಳಿದ ಗುಟ್ಟನ್ನು ಆಗಲೇ ಹೊರಗೆ ಬಂದು ತಂದೆಗೆ ಹೇಳಿಬಿಟ್ಟರು. ಆ ಹುಡುಗ ಮತ್ತೆ ಯಾರ ಬಳಿಗೂ ಹೋಗಲು ಒಪ್ಪಲಿಲ್ಲ. ತರಬೇತಿ ಪಡೆದವರು ಮೊದಲ ದಿನ ಕಲಿಯುವುದು ಗುಟ್ಟು ಕಾಯುವುದನ್ನು. ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿಯುಂಟು. ಎರಡನೆಯದು ತೀರ್ಪು ಕೊಡದೆ ಆಲಿಸುವುದು. ಮೂರನೆಯದು ತನ್ನ ಶಕ್ತಿಯ ಮೇರೆಯನ್ನರಿತು, ಬೇಕಾದಾಗ ಮನೋವೈದ್ಯರ ಬಳಿಗೆ ಕಳುಹಿಸುವುದು. ಇವು ಪುಸ್ತಕ ಓದಿ ಬರುವುವಲ್ಲ. ಹಿರಿಯರ ಕಣ್ಣೆದುರಿನಲ್ಲಿ ಮಾಡುತ್ತ ಕಲಿಯಬೇಕಾದವು.

ನಮ್ಮಂಥವರಿಗೆ ಈಗ ತೆರೆದಿರುವ ದಾರಿಗಳನ್ನು ಹೇಳುತ್ತೇನೆ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದವರಿಗೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಮನಃಶಾಸ್ತ್ರ ವಿಭಾಗಗಳಿವೆ. ನನ್ನಂತೆ ಸಮಾಜಶಾಸ್ತ್ರವನ್ನೋ ಬೇರೆ ವಿಷಯವನ್ನೋ ಓದಿದವರಿಗೆ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಸಾಮಾನ್ಯವಾಗಿ ತೆರೆದಿರುತ್ತದೆ. ಅದರಲ್ಲಿ ಆಸ್ಪತ್ರೆ, ಶಾಲೆಗಳಲ್ಲಿ ಕ್ಷೇತ್ರಕಾರ್ಯ ಕಡ್ಡಾಯ. ಸರಕಾರಿ ಆಸ್ಪತ್ರೆಗಳ ಎಚ್.ಐ.ವಿ. ಸಮಾಲೋಚನಾ ಕೇಂದ್ರಗಳಲ್ಲಿ ಇಂಥ ಪದವೀಧರರು ಕೆಲಸ ಮಾಡುತ್ತಿದ್ದಾರೆ. ಶಿಕ್ಷಕರಾದವರಿಗೆ ಎನ್.ಸಿ.ಇ.ಆರ್.ಟಿ.ಯ ಒಂದು ವರ್ಷದ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಇದೆ. ಅದರ ಕೇಂದ್ರಗಳಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು.

ಒಂದು ಎಚ್ಚರಿಕೆ. ಮನೆಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಓದೋಣವೆಂಬ ಆಲೋಚನೆ ಬಡವರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸಹಜ. ಆದರೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಇಂಥ ಆರೋಗ್ಯ ಸಂಬಂಧದ ಶಿಕ್ಷಣವನ್ನು, ಮನಃಶಾಸ್ತ್ರವನ್ನೂ ಸೇರಿಸಿ, ದೂರಶಿಕ್ಷಣದಲ್ಲಿ ಕೊಡಕೂಡದೆಂದು ಅನುದಾನ ಆಯೋಗ ನಿರ್ದೇಶಿಸಿತು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಹಾಸ್ಟೆಲಿನ ಖರ್ಚು ಹೊರಲಾರದವರ ಬಾಗಿಲು ಮುಚ್ಚಿದಂತಾಗುತ್ತದೆ. ನಮ್ಮ ತಂದೆ ಪರರ ಬಾಳೆ ತೋಟದಲ್ಲಿ ದುಡಿಯುವವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. “ಇನ್ನಾ ಎಷ್ಟ್ ವರ್ಷ ಓದಬೇಕವ್ವಾ? ಓದಿದ ಮ್ಯಾಲ ನೌಕರಿ ಸಿಗ್ತದೇನು?” ಎಂದು ಅವರು ಕೇಳುತ್ತಾರೆ. ಎರಡು ವರ್ಷ ಎಂದು ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದದ್ದು ನಾನೊಬ್ಬಳೇ ಅಲ್ಲ. ಪ್ರತಿ ಕಾಲೇಜಿಗೂ ತಾಲೂಕು ಆಸ್ಪತ್ರೆಗೂ ಒಬ್ಬ ತರಬೇತಾದ ಸಮಾಲೋಚಕರನ್ನು ನೇಮಿಸುವ ಹೊಣೆ ಸರಕಾರದ್ದು.

ಅಲ್ಲಿಯವರೆಗೆ ನಮಗೆ ತಿಳಿದಿರಬೇಕಾದ ಒಂದು ಸಂಖ್ಯೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ, ಮಾತಾಡಬಹುದು. ಆದರೂ ‘ಜೀವಕ್ಕ ಬ್ಯಾಸರ ಆಗ್ಯಾದ’ ಎಂದು ನಮ್ಮ ಕಡೆಯ ತಾಯಿಯೊಬ್ಬಳು ಹೇಳಿದಾಗ ಅದರ ಭಾರವೆಷ್ಟೆಂದು ಅರಿಯಬಲ್ಲವರು ಈ ನೆಲದಲ್ಲೇ ಹುಟ್ಟಿ ಬೆಳೆದವರು. ಅಂಥವರು ಕಲಬುರಗಿಯ ಕಾಲೇಜುಗಳಿಂದಲೇ ಬರಬೇಕು. ಆಸಕ್ತಿಯುಳ್ಳ ಸಹಪಾಠಿಗಳು ಬಿ.ಎ. ಮೊದಲ ವರ್ಷದಲ್ಲಿಯೇ ವಿಷಯಗಳನ್ನು ವಿಚಾರಿಸಿ ಆರಿಸಿಕೊಳ್ಳಲಿ. ಗುರುಗಳು ಪ್ರವೇಶದ ದಿನಗಳಲ್ಲಿ ಈ ದಾರಿಯನ್ನೂ ಅವರಿಗೆ ತಿಳಿಸಿಕೊಡಲಿ ಎಂದು ವಿನಂತಿಸುತ್ತೇನೆ.