ನಿರಪರಾಧಿಯ ರಕ್ತ ಯಾಕೆ ಬೇಕು?

ತೋವಿನಕೆರೆ ಸೀಮೆಯವರಿಗೆ ಹರಕೆ ಕುರಿಯ ಬಗ್ಗೆ ಹೇಳಿಕೊಡಬೇಕಿಲ್ಲ. ತಪ್ಪು ಮನುಷ್ಯನದು, ಕತ್ತು ಕುರಿಯದು. ಪ್ರಾಣಿಬಲಿ ತಡೆಯಲು 1959ರಲ್ಲೇ ನಮ್ಮ ರಾಜ್ಯ ಕಾನೂನು ತಂದಿತು. ಯೇಸುವನ್ನು ‘ದೇವರ ಕುರಿಮರಿ’ ಎನ್ನುವ ಕ್ರೈಸ್ತರಲ್ಲೂ ಇದೇ ಜಿಜ್ಞಾಸೆ ಇದೆ: ಪಾಪ ಕ್ಷಮಿಸಲು ದೇವರಿಗೆ ರಕ್ತ ಬೇಕಿತ್ತೆ?

ದೇವರ ಮಾನಕ್ಕೆ ಬಂದ ಕುಂದನ್ನು ಕ್ರಿಸ್ತನ ಮರಣ ತುಂಬಿಕೊಟ್ಟಿತು ಎಂದು 1098ರ ಹೊತ್ತಿಗೆ ದೇವಶಾಸ್ತ್ರಜ್ಞ ಆನ್ಸೆಲ್ಮ್ ಬರೆದ. ಅವನ ನಂತರ ಬಂದ ದೇವಶಾಸ್ತ್ರಜ್ಞ ಅಬೆಲಾರ್ಡ್ ಒಪ್ಪಲಿಲ್ಲ, ಶಿಲುಬೆಯಲ್ಲಿ ಕಂಡ ಪ್ರೀತಿಯೇ ಮನುಷ್ಯನ ಎದೆ ಕರಗಿಸುತ್ತದೆ ಎಂದ. ಯೇಸುವಿನ ಸಾವು ಬೇಕಾಗಿದ್ದುದು ದೇವರಿಗಲ್ಲ, ದುಷ್ಟ ಅಧಿಕಾರಕ್ಕೆ ಎಂದು ಅಮೆರಿಕದ ಡೆನ್ನಿ ವೀವರ್ 2001ರಲ್ಲಿ ಪುಸ್ತಕವನ್ನೇ ಬರೆದರು. ಇದನ್ನೆಲ್ಲ ಪಶ್ಚಿಮದವರಷ್ಟೇ ಯೋಚಿಸಿದರು ಎಂಬಂತೆ ಮಾತಾಡುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ರಾಜಾ ರಾಮಮೋಹನ ರಾಯರು 1820ರಲ್ಲಿ ಕಲ್ಕತ್ತೆಯಲ್ಲಿ ಯೇಸುವಿನ ಬೋಧನೆಗಳನ್ನು ಆಯ್ದು ಅಚ್ಚು ಹಾಕಿಸಿದರು. ಪವಾಡಗಳನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿದರು. ಶಿಲುಬೆಯ ಪ್ರಾಯಶ್ಚಿತ್ತ ಬಿಟ್ಟರೆ ಬರೀ ಬೋಧನೆಯಿಂದ ಮುಕ್ತಿಯಿಲ್ಲ ಎಂಬುದು ಅವರ ವಾದ. ಪಶ್ಚಾತ್ತಾಪ ಪಟ್ಟವನನ್ನು ದೇವರು ಕ್ಷಮಿಸುತ್ತಾನೆ, ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಕೊಲ್ಲುವುದು ಎದ್ದುಕಾಣುವ ಅನ್ಯಾಯ ಎಂದರು ರಾಯರು. ಒಂದರ ಹಿಂದೊಂದು ಮೂರು ‘ಮನವಿ’ ಬರೆದರು. ಮೂರನೆಯದರ ಹೊತ್ತಿಗೆ ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ಅಚ್ಚು ಹಾಕುವುದಿಲ್ಲವೆಂದಿತು. ರಾಯರು ಬಗ್ಗಲಿಲ್ಲ, ತಮ್ಮದೇ ಮುದ್ರಣಾಲಯ ಹೂಡಿ 1823ರಲ್ಲಿ ಹೊರತಂದರು. ಈ ನಡುವೆ ಅವರ ಜೊತೆ ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದ ಮಿಷನರಿ ವಿಲಿಯಂ ಆಡಂ ರಾಯರ ಪಕ್ಷಕ್ಕೇ ವಾಲಿದರು. ಎರಡನೆಯ ಆದಾಮನೂ ಕೆಟ್ಟ ಎಂದು ಊರೆಲ್ಲ ಆಡಿಕೊಂಡಿತು.

ಸೆರಾಂಪುರ ನಮಗೆ ದೂರದ ಊರಲ್ಲ. ಮಾರ್ಷ್‌ಮನ್ನರ ಒಡನಾಡಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲೇ. ಬೆಂಗಳೂರು, ಮಂಗಳೂರುಗಳ ದೇವಶಾಸ್ತ್ರ ಕಾಲೇಜುಗಳಲ್ಲಿ ಓದಿದವರಿಗೆ ಪದವಿ ಬಂದದ್ದೂ ಅಲ್ಲಿಂದಲೇ. 1960ರ ದಶಕದಲ್ಲಿ ಸೆರಾಂಪುರ ಕಾಲೇಜಿನ ಪ್ರಾಂಶುಪಾಲರ ಕುರ್ಚಿಯಲ್ಲಿ ಕೂತವರು ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ವಾದದಲ್ಲಿ ಗೆಲ್ಲುವುದಕ್ಕಿಂತ ಬೇರೆ ಧರ್ಮದವರ ಜೊತೆ ಕೂತು ಮಾತಾಡುವುದು ದೊಡ್ಡದೆಂದು ನಂಬಿ, ಅದಕ್ಕೇ ಬದುಕು ಸವೆಸಿದವರು.

ಶಾಲೆಯ ಪುಸ್ತಕ ರಾಯರನ್ನು ಸತಿ ಪದ್ಧತಿಗೆ ಕಟ್ಟಿಹಾಕಿ ಮುಗಿಸಿಬಿಡುತ್ತದೆ. ಅವರ ಮೂರು ಮನವಿಗಳನ್ನೂ ಮಾರ್ಷ್‌ಮನ್ನರ ಉತ್ತರಗಳನ್ನೂ ಒಂದೇ ಸಂಪುಟದಲ್ಲಿ ಕನ್ನಡಕ್ಕೆ ತರಬೇಕು. ನಮ್ಮ ದೇವಶಾಸ್ತ್ರ ಕಾಲೇಜುಗಳು ಈ ಕೆಲಸ ಕೈಗೆತ್ತಿಕೊಳ್ಳಲಿ.