ನೀಲಿ ಹೂವಿನ ಜಾಡಿಗಳು

ಉಪ್ಪಿನಕಾಯಿಯ ಭರಣಿಯನ್ನು ನಮ್ಮ ಮನೆಗಳಲ್ಲಿ ಯಾರೂ ಬೆಲೆಬಾಳುವ ವಸ್ತುವೆಂದು ಎಣಿಸುವುದಿಲ್ಲವಷ್ಟೆ. ಅಮೆರಿಕದ ಗೃಹಿಣಿಯರೂ ತಮ್ಮ ಜಾಡಿಗಳನ್ನು ಹಾಗೆಯೇ ಕಂಡರು. ಉಪ್ಪು ಹಾಕಿದ ಮಾಂಸವನ್ನೂ ಬೆಣ್ಣೆಯನ್ನೂ ತುಂಬಿ ನೆಲಮಾಳಿಗೆಯಲ್ಲಿರಿಸುತ್ತಿದ್ದ ಆ ಬೂದುಬಣ್ಣದ ಪಾತ್ರೆಗಳು, ಗಾಜಿನ ಸೀಸೆಯೂ ಮಂಜಿನ ಪೆಟ್ಟಿಗೆಯೂ ಬಂದ ಮೇಲೆ ಮೂಲೆ ಸೇರಿದವು. ಈಗಲಾದರೋ ಒಳ್ಳೆಯ ಚಿತ್ರವುಳ್ಳ ಒಂದು ಜಾಡಿಗೆ ಹರಾಜಿನಲ್ಲಿ ಸಾವಿರಾರು ಡಾಲರು ಕೊಡುವವರುಂಟು.

ಇವುಗಳಿಗೆ ಬೇಕಾದ ಗಟ್ಟಿ ಜೇಡಿಮಣ್ಣು ನ್ಯೂಜರ್ಸಿಯಿಂದ ದೋಣಿಗಳಲ್ಲಿ ಬರುತ್ತಿತ್ತು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ದೂರದ ಒಳನಾಡಿಗೂ ಹೋಯಿತು. ಕುಂಬಾರನು ತಿಗರಿಯಿಂದಿಳಿಸಿದ ಜಾಡಿಯ ಮೇಲೆ ಕೋಬಾಲ್ಟಿನ ನೀಲಿಯಿಂದ ಹೂವನ್ನೋ ಹಕ್ಕಿಯನ್ನೋ ಬರೆದು ಆವಿಗೆಯಲ್ಲಿಡುವನು. ಶಾಖವು ಸುಮಾರು 1200 ಡಿಗ್ರಿ ಸೆಂಟಿಗ್ರೇಡಿಗೇರಿದಾಗ ಒಳಕ್ಕೆ ಉಪ್ಪನ್ನೆರಚುವನು. ಉಪ್ಪು ಆವಿಯಾಗಿ ಮಣ್ಣಿನೊಡನೆ ಬೆರೆತು, ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಗುಳಿಗಳುಳ್ಳ ಗಾಜಿನ ಮೆರುಗಾಗುವುದು. ನೀಲಿಯು ಈ ಮೆರುಗಿನೊಳಗೆ ಸೇರಿಕೊಂಡಿರುವುದರಿಂದ ಅಳಿಯದು. ಚಿತ್ರವಿಲ್ಲದ ಹಳೆಯ ಜಾಡಿಗೆ ಈಚೆಗೆ ನೀಲಿ ಬಳಿದು ಮಾರುವ ವಂಚಕರೂ ಇರುವುದರಿಂದ, ಬಲ್ಲವರು ಮೊದಲು ಬೆರಳಿನಿಂದ ಸವರಿ ನೋಡುವರು.

ಹೂವು ಸಾಮಾನ್ಯ; ಜಿಂಕೆ, ಮನೆ, ಮನುಷ್ಯರ ಚಿತ್ರಗಳು ವಿರಳ. ವರ್ಮಾಂಟ್ ಪ್ರಾಂತದ ಬೆನ್ನಿಂಗ್ಟನ್ನಿನಲ್ಲಿ ನಾರ್ಟನ್ ಮನೆತನದವರು ಮಾಡಿಸಿದ ಜಾಡಿಗಳಿಗೆ ಹೆಚ್ಚಿನ ಗಿರಾಕಿ. ಸೀಳಿದ ಜಾಡಿಯನ್ನು ಕೈಯಿಂದಲೂ ಮುಟ್ಟದವರು ಉಂಟೆಂದು ಬಲ್ಲೆವು. ನಮಗೇನೋ ಉಪ್ಪಿನ ಕಲೆಯುಳ್ಳದ್ದೇ ಇಷ್ಟ.

ಆದರೆ ಚಿತ್ರಕ್ಕಿಂತ ಮೊದಲು ನೋಡಬೇಕಾದದ್ದು ಮುದ್ರೆ. ನ್ಯೂಯಾರ್ಕಿನ ಕಾರ್ಲಿಯರ್ಸ್ ಹುಕ್ ಎಂಬಲ್ಲಿ, ಕಳೆದ ಶತಮಾನಕ್ಕೂ ಹಿಂದೆ, 1800ರ ಸುಮಾರಿನಲ್ಲಿ, ಥಾಮಸ್ ಕಾಮರಾ ಎಂಬವನ ಆವಿಗೆಯಿತ್ತು. ಅರ್ಧಚಂದ್ರದ ತೋರಣಗಳನ್ನೊತ್ತಿ ನೀಲಿ ತುಂಬಿದ ಅವನ ಜಾಡಿಗಳನ್ನು ಸಂಗ್ರಹಕಾರರು ಬಹುಕಾಲ ಆದರದಿಂದ ಕೂಡಿಟ್ಟರು. ಅವನು ಬಿಳಿಯನೆಂದೇ ಎಲ್ಲರೂ ತಿಳಿದಿದ್ದರು. ಈ ಶತಮಾನದ ಆರಂಭದಲ್ಲಿ ಹಳೆಯ ಜನಗಣತಿಯ ಪುಟವನ್ನು ತಿರುವಿದ ಒಬ್ಬ ಸಂಶೋಧಕರಿಗೆ, ಆತನು ಕಪ್ಪು ಜನಾಂಗದ ಸ್ವತಂತ್ರ ಗೃಹಸ್ಥನೆಂಬುದು ಕಂಡುಬಂದಿತು. ದಾಸ್ಯದಲ್ಲಿ ಹುಟ್ಟಿ ಬಿಡುಗಡೆ ಹೊಂದಿ, ಆ ಊರಿನಲ್ಲಿ ದಾಸ್ಯವಿನ್ನೂ ಅಳಿಯದಿದ್ದಾಗಲೇ ಅವನು ತನ್ನ ಹೆಸರನ್ನು ಹಸಿಮಣ್ಣಿನ ಮೇಲೆ ಒತ್ತಿದ್ದನು. 1820ರಲ್ಲಿ ಅವನು ಆಫ್ರಿಕಾದ ಸಿಯೆರಾ ಲಿಯೋನಿಗೆ ಹಡಗೇರಿ ಹೋದನು.

2023ರಲ್ಲಿ ನ್ಯೂಯಾರ್ಕಿನ ಇತಿಹಾಸ ಸಂಘವು ಅವನ ಜಾಡಿಗಳನ್ನೇ ಒಂದು ಪ್ರದರ್ಶನವಾಗಿ ಏರ್ಪಡಿಸಿತು. ಜಾಡಿಗಳು ಹಿಂದಿನವೇ, ಮುದ್ರೆಯೂ ಹಿಂದಿನದೇ. ಅದನ್ನು ಒತ್ತಿದವನು ಯಾರೆಂಬುದನ್ನು ಮಾತ್ರ ಈ ಸಲ ಪಕ್ಕದಲ್ಲಿ ಬರೆದಿದ್ದರು.