ಎಣಿಕೆಗೆ ಸಿಕ್ಕದ ಲೇಖನ

ವೈದ್ಯಸಂಶೋಧಕನ ಪ್ರಬಂಧಗಳನ್ನು ಎಷ್ಟು ಮಂದಿ ವಿದ್ವಾಂಸರು ಉಲ್ಲೇಖಿಸಿದರೆಂದು ಎಣಿಸಿ ಅವನ ಯೋಗ್ಯತೆಯನ್ನು ಅಳೆಯುವುದು ಈಗಿನ ಪದ್ಧತಿ. ಈ ಅಳತೆಗೋಲು ಎಲ್ಲರಿಗೂ ಸಲ್ಲುವುದೆ?

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯ ತರುಣ ವೈದ್ಯ ವೆರ್ನರ್ ಫೋರ್ಸ್‌ಮನ್ನನು ತನ್ನ ತೋಳಿನ ಅಭಿಧಮನಿಯಿಂದ ಹೃದಯದವರೆಗೆ 65 ಸೆಂಟಿಮೀಟರ್ ನಳಿಕೆಯನ್ನು ತೂರಿಸಿಕೊಂಡು, ಕ್ಷಕಿರಣ ಚಿತ್ರದೊಡನೆ ಲೇಖನವನ್ನು ಪ್ರಕಟಿಸಿದನು. ದೊರೆತದ್ದು ಮನ್ನಣೆಯಲ್ಲ, ನಿಂದೆ. ಆತನು ಕಡೆಗೆ ಮೂತ್ರರೋಗಗಳ ವೈದ್ಯನಾದನು. ದಶಕದ ತರುವಾಯ ನ್ಯೂಯಾರ್ಕಿನಲ್ಲಿ ಕೂರ್ನಾಂಡ್, ರಿಚರ್ಡ್ಸ್ ಎಂಬ ಇಬ್ಬರು ಆ ವಿಧಾನವನ್ನು ಕೈಗೊಂಡು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕವು ಲಭಿಸಿತು. ನಮ್ಮ ಬಂಧುಗಳಿಗೆ ಇಂದು ನಡೆಯುವ ಆಂಜಿಯೋಗ್ರಾಮ್ ಪರೀಕ್ಷೆಯೂ ಆ ಸಾಹಸದ ಸಂತತಿಯೇ.

ಅಂಕಗಳಿಂದಲೇ ಶಿಷ್ಯರನ್ನು ಅಳೆದ ನಮಗೆ ಈ ವೃತ್ತಾಂತವು ನಾಚಿಕೆಯನ್ನು ತರುತ್ತದೆ. ಎಣಿಕೆಯೇ ಬೇಡವೆನ್ನೆವು, ಬಿತ್ತಿದ ವರ್ಷವೇ ಮರಕ್ಕೆ ಬೆಲೆ ಕಟ್ಟಬಾರದು.